ಪಟ್ಟು ಬಿಡದ ಪ್ರತಿನಿಧಿಗಳು

"ನಂದೊಂದನ್ನ ಸ್ವಲ್ಪ ಗಟ್ಟಿ ಮಾಡಿಬಿಡವಾ," ಎನ್ನುತ್ತ ಕಪಾಟು ವಿಭಾಗದ ಬಸವಪ್ರಭು ಕಾಲಿನಿಂದಲೇ ಬಾಗಿಲು ಮುಚ್ಚಿದರು. "ಯಾರೇನಂದ್ರೂ ಬಗ್ಗಬಾರ್ದು ನೋಡು."

ನೀತಾ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಪುಣೆ ಹತ್ತಿರದ ರಾಂಜಣಗಾಂವದ ಆ ಕಾರ್ಖಾನೆಯಲ್ಲಿ ಸ್ಟೀಲಿನ ಕಪಾಟು, ಮೇಜು, ಕುರ್ಚಿಗಳು ತಯಾರಾಗುತ್ತಿದ್ದವು. ಬಣ್ಣ ಒಣಗಿಸುವ ಓವನ್ ಮಾತ್ರ ಒಂದೇ. ಅದಕ್ಕಾಗಿ ದಿನ ಬೆಳಗಾದರೆ ಮೂರು ವಿಭಾಗಗಳ ಮುಖ್ಯಸ್ಥರು ಕಿತ್ತಾಡುತ್ತಿದ್ದರು. ಇನ್ನು ಮುಂದೆ ಅವರ ಪರವಾಗಿ ಮೂರು ಪ್ರೋಗ್ರಾಂಗಳು ತಮ್ಮತಮ್ಮಲ್ಲೇ ಚೌಕಾಶಿ ಮಾಡಿ, ಒಂದಿಷ್ಟು ಬಿಟ್ಟುಕೊಟ್ಟು ಒಂದಿಷ್ಟು ಪಡೆದು, ಸರದಿ ಗೊತ್ತುಮಾಡಬೇಕು. ಎರಡು ವರ್ಷ ಕೂತು ಅವಳು ಬರೆದದ್ದು ಇದನ್ನೇ.

"ಬಗ್ಗದಿದ್ರ ಒಪ್ಪಂದನ ಆಗೂದಿಲ್ರಿ, ಸರ್."

"ಉಳಿದವ್ರು ಬಗ್ಗತಾರ ಬಿಡು. ನಿನ್ನ ಪ್ರಮೋಶನ್ ಕಾಗದಕ್ಕ ಸಹಿ ಹಾಕಾಂವ ನಾನ ಅದೀನಿ, ಮರೀಬ್ಯಾಡ."

ಆ ಕೈಯನ್ನು ಕಂಡರೆ ಅವಳಿಗೆ ಹೇಸಿಗೆ. ಸಹಿ ಮಾತ್ರ ಬೇಕಿತ್ತು. ಅವರ ಪ್ರೋಗ್ರಾಂ ಯಾವುದಕ್ಕೂ ಬಗ್ಗದಂತೆ ಒಂದು ಸಾಲು ತಿದ್ದಿದಳು.

ಮಧ್ಯಾಹ್ನ ಕುರ್ಚಿ ವಿಭಾಗದ ಕೃಷ್ಣಾಜಿ ಬಂದರು, ಸಂಜೆ ಮೇಜಿನ ಮಾರ್ತಾಂಡ. ಇಬ್ಬರೂ ಅದೇ ಮಾತನ್ನು ಮರಾಠಿಯಲ್ಲಿ, ಅದೇ ಕಳ್ಳದನಿಯಲ್ಲಿ ಆಡಿದರು. ಬುದ್ಧಿ ಹೇಳುವ ಗೋಜಿಗೆ ನೀತಾ ಹೋಗಲಿಲ್ಲ. ಕೇಳಿದ್ದನ್ನು ಕೇಳಿದವರಿಗೆ ಕೊಟ್ಟಳು. ತಿರಸ್ಕಾರದಲ್ಲೂ ಒಂದು ಬಗೆಯ ಸುಖವಿತ್ತು.

ಸೋಮವಾರ ಡೈರೆಕ್ಟರರ ಎದುರು ಪರದೆಯ ಮೇಲೆ ಸಾಲುಗಳು ಓಡತೊಡಗಿದವು: ಬೇಡಿಕೆ, ನಿರಾಕರಣೆ, ಅದೇ ಬೇಡಿಕೆ, ಅದೇ ನಿರಾಕರಣೆ. ಚಹಾ ಬಂತು, ಕಪ್ಪುಗಳು ಖಾಲಿಯಾದವು. ಕೆಳಗೆ ಓವನ್ನಿನ ಮುಂದೆ ಕಪಾಟಿನ ಬಾಗಿಲುಗಳು ಹಸಿ ಬಣ್ಣದಲ್ಲೇ ನೇತಾಡುತ್ತಿದ್ದವು. ಅವುಗಳ ಮೇಲೆ ಧೂಳು ಕೂರುತ್ತಿತ್ತು.

"ಇದಕ್ಕೇನಾ ಎರಡು ವರ್ಷ?" ಎಂದು ಡೈರೆಕ್ಟರ್ ಇಂಗ್ಲಿಷಿನಲ್ಲಿ ಕೇಳಿದರು.

ನೀತಾ ಮೂವರ ಮುಖವನ್ನೂ ನೋಡಿದಳು. ಮೂವರೂ ಪರದೆಯನ್ನೇ ನೋಡುತ್ತಿದ್ದರು. ಹೇಳಿಬಿಡಬಹುದಿತ್ತು, ಆದರೆ ತಿದ್ದಿದ ಕೈ ತನ್ನದೇ.

ಹೊಂದಿಕೊಂಡು ಹೋಗುವುದು ಯಂತ್ರಕ್ಕೆಲ್ಲಿ ತಿಳಿಯುತ್ತದೆ ಎಂದು ಬಸವಪ್ರಭು ಕನಿಕರಪಟ್ಟರು. ಉಳಿದಿಬ್ಬರು ತಲೆಯಾಡಿಸಿದರು. ಡೈರೆಕ್ಟರ್ ಆ ಕೆಲಸವನ್ನು ಅಲ್ಲಿಗೇ ಮುಚ್ಚಿಸಿ, ಮರುದಿನದಿಂದ ನೀತಾಳನ್ನು ಸ್ಟೋರಿಗೆ ಹಾಕಿದರು.

ಅವಳು ಕ್ಯಾಂಟೀನಿಗೆ ಹೋದಾಗ ಮೂವರೂ ಒಂದೇ ಮೇಜಿಗೆ ಕೂತು ನಗುತ್ತಿದ್ದರು. ನಡುವಿನ ತಟ್ಟೆಯಲ್ಲಿ ಈರುಳ್ಳಿಯ ಕಾಂದಾಭಜಿ ಒಂದೇ ಒಂದು ಉಳಿದಿತ್ತು.

"ತುಮ್ಹೀ ಘ್ಯಾ," ನೀವೇ ತಗೊಳ್ಳಿ ಎಂದು ಕೃಷ್ಣಾಜಿ ತಟ್ಟೆಯನ್ನು ಮಾರ್ತಾಂಡನ ಕಡೆ ಸರಿಸಿದರು.

"ಛೇ ಛೇ, ತುಮ್ಹೀ ಘ್ಯಾ," ಎಂದು ಮಾರ್ತಾಂಡ ಅದನ್ನು ಬಸವಪ್ರಭುವಿನ ಮುಂದಿಟ್ಟರು.

ಬಸವಪ್ರಭು ಎದೆಯ ಮೇಲೆ ಕೈಯಿಟ್ಟುಕೊಂಡು, ತನಗೆ ಸಾಕೆಂದು, ತಟ್ಟೆಯನ್ನು ಮೆಲ್ಲಗೆ ಕೃಷ್ಣಾಜಿಯತ್ತ ತಳ್ಳಿದರು.