ದೊರೆಯ ಎದುರಿಗಿಟ್ಟ ಕನ್ನಡಿ

ಒಂದು ಸಂಸಾರ ನಿಲ್ಲುವುದೋ ಬೀಳುವುದೋ ಎಂಬುದು ಬೆರಳುದ್ದದ ಎರಡು ಮೀನುಗಳ ಮರ್ಜಿಗೆ ಬಿದ್ದ ಗಂಭೀರ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ದೇಶದೇಶಗಳ ಗಡಿ ತಂಟೆ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಇವೆಲ್ಲ ಇದರ ಮುಂದೆ ಯಾವ ಲೆಕ್ಕ? ಅಲ್ಲಿ ಮಾತಾಡುವುದಕ್ಕೆ ವಕೀಲರಾದರೂ ಸಿಗುತ್ತಾರೆ. ಮೀನಿಗೆ ಬುದ್ಧಿ ಹೇಳುವವರು ಯಾರು?

ಮೊದಲನೆಯ ಮೀನು ಕನ್ನಡಕದಂಗಡಿಯವರದು. ಅಂಗಡಿಯ ಮೇಲಿನ ಮಹಡಿಯೇ ಅವರ ಮನೆ. ನಡುಮನೆಯ ಒಂದು ಗೋಡೆಯುದ್ದಕ್ಕೂ ಉಪ್ಪುನೀರಿನ ಗಾಜಿನ ಟ್ಯಾಂಕು. ಅದರೊಳಗೆ ಹವಳ, ಕಲ್ಲು, ಆ ಕಲ್ಲುಗಳ ಸಂದಿಯಲ್ಲಿ ಕೆಂಡದ ಬಣ್ಣದ ಒಂದು ಏಂಜೆಲ್ ಮೀನು. ಪಕ್ಕೆಯಲ್ಲಿ ಕಪ್ಪು ಪಟ್ಟೆ, ರೆಕ್ಕೆಯ ತುದಿಯಲ್ಲಿ ಶಾಯಿ ಅದ್ದಿದಂಥ ನೀಲಿ. ಹೆಸರು ದೊರೆ. ಐವತ್ತು ದಾಟಿದ ಈ ಒಂಟಿ ಗಂಡಸು ಬೆಳಗಿನ ಕಾಫಿ ಹಿಡಿದು ಅದರ ಮುಂದೆ ಕೂತರೆ ಕಾಫಿ ಆರಿಹೋಗುತ್ತಿತ್ತು. ಬೆಂಕಿಯೊಂದು ನೀರಿನಲ್ಲಿ ಆರದೆ ಓಡಾಡುತ್ತದಲ್ಲ ಎಂಬ ಬೆರಗು ಅವರಿಗೆ ಇಷ್ಟು ವರ್ಷವಾದರೂ ಹಳತಾಗಿರಲಿಲ್ಲ.

ಎರಡನೆಯದು ಡಿಪೋ ಮೇಡಂ ಅವರದು. ಮೇಡಂ ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವಾಗ ಹೊರಡಬೇಕೆಂದು ನಿರ್ಧರಿಸುವವರು. ಮೈಕು ಕೆಟ್ಟರೂ ಅವರ ಕೆಲಸ ನಿಲ್ಲುತ್ತಿರಲಿಲ್ಲ ಎಂದರೆ ಗಂಟಲಿನ ಅಂದಾಜು ಸಿಗಬಹುದು. ಅವರ ಮೀನು ಟ್ಯಾಂಕಿನ ಈ ತುದಿಯಿಂದ ಆ ತುದಿಗೆ ತಪ್ಪದೆ ಓಡಾಡುತ್ತಿದ್ದುದರಿಂದ ಅದಕ್ಕೆ ಕಂಡಕ್ಟರ್ ಎಂದು ಹೆಸರು.

ಮೇಡಂ ಮುರಿದ ಫ್ರೇಮ್ ರಿಪೇರಿಗೆಂದು ಅಂಗಡಿಗೆ ಬಂದರು, ಗಲ್ಲಾದ ಹಿಂದೆ ನೇತುಹಾಕಿದ್ದ ದೊರೆಯ ಫೋಟೋ ನೋಡಿದರು, ಮಾತು ಮೀನಿನಿಂದ ಶುರುವಾಗಿ ನೋಂದಣಿ ಕಚೇರಿಯಲ್ಲಿ ಮದುವೆಯ ಸಹಿ ಹಾಕುವವರೆಗೂ ಹೋಯಿತು. ಮೊದಲ ದಿನವೇ ಮೇಡಂ, “ಕನ್ನಡಕ ಮಾರೋರಿಗೇ ಕನ್ನಡಕ ಇಲ್ವಲ್ರೀ, ಪರವಾಗಿಲ್ಲ ಕಣ್ಣು!” ಎಂದಿದ್ದರು. ಅಂದಿನಿಂದ ಅವರ ಕಾಲಸಪ್ಪಳ ಕೇಳಿದರೆ ಸಾಕು, ಇವರ ಕನ್ನಡಕ ಮೂಗಿನಿಂದ ಜೇಬಿಗೆ ಇಳಿಯುತ್ತಿತ್ತು. ಇಡೀ ಬೀದಿಗೆ ಕಣ್ಣು ಕಾಣಿಸಿದವರಿಗೆ ಮೊಣಕೈಯಿಂದೀಚೆಗಿನ ಲೋಕವೆಲ್ಲ ಮಸುಕು ಎಂಬುದು ಅವರ ಅಕ್ಕನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಮೇಡಂ ಮನೆಗೆ ಬಂದಾಗ ಒಂದು ಟ್ರಂಕು, ಒಂದು ಬಕೆಟ್ಟು ತಂದರು. ಬಕೆಟ್ಟಿನಲ್ಲಿ ಕಂಡಕ್ಟರ್, ಅದರ ಹಳೇ ಟ್ಯಾಂಕು ಅಂಟು ಬಿಟ್ಟು ಸೋರುತ್ತಿತ್ತು. ಬಕೆಟ್ಟು ಒಳಗೆ ಬಂತು. ಟ್ರಂಕು ಬೆಲ್ಟು ಬಿಗಿದುಕೊಂಡು ಬಾಗಿಲ ಬಳಿಯೇ ಉಳಿಯಿತು.

“ನೋಡಿ, ಸುಮ್ಮನೆ ಹೇಳ್ತಿಲ್ಲ,” ಎಂದರು ಮೇಡಂ. “ದಿನವೆಲ್ಲ ಕಂಡೋರಿಗೆಲ್ಲ ಬೈದು ಮನೆಗೆ ಬಂದ್ರೆ, ನಾನು ಬೈಯದೆ ಮಾತಾಡಿಸೋ ಜೀವ ಅಂದ್ರೆ ಇದೊಂದೇ. ಇದು ಇಲ್ಲಿ ಬಾಳಿದ್ರೆ ನಾನೂ ಬಾಳ್ತೀನಿ. ಇಲ್ದಿದ್ರೆ ಇಬ್ಬರೂ ಕ್ವಾರ್ಟರ್ಸಿಗೆ ವಾಪಸ್. ಬೀಗದ ಕೈ ಇನ್ನೂ ನನ್ನ ಬ್ಯಾಗಲ್ಲೇ ಇದೆ.”

“ನಮ್ಮ ದೊರೆ ಮರ್ಯಾದಸ್ಥ, ಮೇಡಂ,” ಎಂದರು ಇವರು. “ಜತೆಗೆ ಬಿಟ್ಟುಬಿಡೋಣ.”

ಬಿಟ್ಟರು. ಮರ್ಯಾದಸ್ಥ ಬಂದ ವೇಗಕ್ಕೆ ಮರಳು ಎದ್ದಿತು. ಕೆನ್ನೆಯ ಮುಳ್ಳು ಮುಂದೆ ಮಾಡಿ ಕಂಡಕ್ಟರನ್ನು ಮೂಲೆಗೆ ಒತ್ತಿತು, ಹಿಂದಿನಿಂದ ಕಚ್ಚಿತು. ಹೊಸಬನೇನೂ ಸುಮ್ಮನಿರಲಿಲ್ಲ, ತಿರುಗಿ ಬಿತ್ತು. ಎರಡು ಕೆಂಡಗಳು ಒಂದನ್ನೊಂದು ಸುಡಲು ಹೊರಟಂತಿತ್ತು. ಮೇಡಂ ಸೀರೆಯ ಸೆರಗು ಸಿಕ್ಕಿಸಿ, ಭುಜದವರೆಗೆ ಕೈ ಹಾಕಿ ತಮ್ಮದನ್ನು ಬಲೆಯಲ್ಲಿ ಎತ್ತಿದರು. ಅದರ ರೆಕ್ಕೆ ಹರಿದ ಪಟದ ಹಾಗೆ ಜೋಲುತ್ತಿತ್ತು.

“ನಿಮ್ಮ ಮರ್ಯಾದಸ್ಥ!” ಎಂದರಷ್ಟೇ.

ತಪ್ಪು ಯಾರದೂ ಆಗಿರಲಿಲ್ಲ. ಈ ಜಾತಿಯಲ್ಲಿ ಎಲ್ಲವೂ ಮೊದಲು ಹೆಣ್ಣು. ಗುಂಪಿನಲ್ಲಿ ಯಾವುದು ಮೇಲುಗೈಯೋ ಅದು ಗಂಡಾಗುತ್ತದೆ. ವರ್ಷಗಟ್ಟಲೆ ಒಂಟಿಯಾಗಿದ್ದದ್ದು ತನಗೆ ತಾನೇ ಯಜಮಾನನಲ್ಲವೇ? ಎರಡೂ ಗಂಡಾಗಿ ಕೂತಿದ್ದವು. ಅದೂ ಗಾತ್ರದಲ್ಲಿ ಸರಿಸಮ. ಒಂದು ದೊಡ್ಡದು, ಒಂದು ಚಿಕ್ಕದು ಇದ್ದಿದ್ದರೆ ಚಿಕ್ಕದು ತಗ್ಗುತ್ತಿತ್ತು. ಸಮಸಮ ಇದ್ದವರು ತಗ್ಗಿದ್ದು ಮನುಷ್ಯರಲ್ಲೇ ಕಡಿಮೆ.

ಮೇಡಂ ತೂತು ಕೊರೆದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಟ್ಯಾಂಕಿನ ನಡುವೆ ಇಳಿಸಿ, ಆಚೆಗೊಂದು ಈಚೆಗೊಂದು ಬಿಟ್ಟರು. ನೋಡುತ್ತ ನೋಡುತ್ತ ಪಳಗಲಿ ಎಂದು. ಕಂಡಕ್ಟರಿನ ರೆಕ್ಕೆ ಕೂಡುತ್ತ ಬಂತು. ದೊರೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಹಾಳೆಗೆ ಮೂತಿ ಗುದ್ದುತ್ತಲೇ ಇತ್ತು.

“ಒಂದು ಕನ್ನಡಿ ಇಡಿ,” ಎಂದರು ಮೇಡಂ. “ಅದರ ಕಡೆ ಗಾಜಿಗೆ, ಹೊರಗಿನಿಂದ ಒತ್ತಿ ನಿಲ್ಲಿಸಿ. ದಿನಾ ಸ್ವಲ್ಪ ಹೊತ್ತು ತನ್ನ ಜತೆ ತಾನೇ ಜಗಳ ಆಡಿ ಸುಸ್ತಾಗಲಿ.”

ಕನ್ನಡಿಗೇನು ಬರ, ಕನ್ನಡಕದ ಅಂಗಡಿಯಲ್ಲಿ! ಗಿರಾಕಿಗಳು ಮುಖ ನೋಡಿಕೊಳ್ಳುವ ಒಂದು ಕನ್ನಡಿ ಮೇಲೆ ಬಂತು. ಮುಂಜಾನೆಯ ಮೊದಲ ಬಸ್ಸು ಬಿಡಲು ಮೇಡಂ ಕತ್ತಲಿರುವಾಗಲೇ ಹೋಗುತ್ತಿದ್ದರು. ಕನ್ನಡಿ ಇಟ್ಟು ತೆಗೆಯುವ ಕೆಲಸ ಇವರದು. ಹೆಂಡತಿ ಬಾಗಿಲು ದಾಟಿ ಹೋದ ಮೇಲೂ ಜೇಬಿನ ಕನ್ನಡಕ ಹಾಕಿಕೊಳ್ಳದೆ ಇರುವಷ್ಟು ಅಭ್ಯಾಸ ಬಲಿತಿತ್ತು. ಕೆಂಪಗೆ ಏನೋ ಕನ್ನಡಿಯತ್ತ ನುಗ್ಗುವುದು ಕಾಣುತ್ತಿತ್ತು, ಅಷ್ಟು ಸಾಕೆನಿಸುತ್ತಿತ್ತು.

ಮೊದಲು ದೊರೆ ನುಗ್ಗಿತು. ಆಮೇಲೆ ನುಗ್ಗುವುದು ಬಿಟ್ಟಿತು. ಬರಬರುತ್ತ ಕಲ್ಲಿನ ಸಂದಿಯಿಂದ ಹೊರಗೇ ಬರಲಿಲ್ಲ, ಹಾಕಿದ್ದು ತಿನ್ನಲಿಲ್ಲ, ಕೆಂಡದ ಮೇಲೆ ಬೂದಿ ಕೂತಂತೆ ಬಣ್ಣ ಮಂಕಾಯಿತು. ಇವರು ಕಲ್ಲಿನ ಸಂದಿಯನ್ನೇ ನೋಡುತ್ತ ಕೂತರು. ತಾನು ಒಂದನ್ನು ಉಳಿಸಿಕೊಳ್ಳಲು ಹೋಗಿ ಇನ್ನೊಂದನ್ನು ಕೊಲ್ಲುತ್ತಿದ್ದೇನೆಯೇ? ಬಾಗಿಲ ಬಳಿಯ ಟ್ರಂಕಿನ ಬೆಲ್ಟು ಇನ್ನೂ ಸಡಿಲವಾಗಿರಲಿಲ್ಲ.

ಅಂಥ ಒಂದು ಬೆಳಗ್ಗೆ ಪಕ್ಕದ ಬೀದಿಯ ಅಕ್ಕ ಬಂದಳು. ಬಂದವಳು ಗಾಳಿಗೆ ಕೆದರಿದ ಕೂದಲು ಸರಿಮಾಡಿಕೊಳ್ಳಲು ಟ್ಯಾಂಕಿಗೆ ಒರಗಿಸಿದ್ದ ಕನ್ನಡಿ ಎತ್ತಿ ಮುಖದ ಮುಂದೆ ಹಿಡಿದಳು.

“ಅಯ್ಯೋ! ಇದು ನನ್ನ ಮೂಗಾ?”

“ಯಾಕಕ್ಕಾ?”

“ಯಾಕಕ್ಕ ಅಂತೆ! ಬದನೆಕಾಯಿ ಥರ ಇದೆ ಕಣೋ. ಇದು ದೊಡ್ಡದು ಮಾಡಿ ತೋರಿಸೋ ಕಡೆ. ಕನ್ನಡಿಗೆ ಎರಡು ಮುಖ ಇರೋದು ನಿಂಗೆ ಗೊತ್ತಿಲ್ವಾ? ಅಂಗಡಿ ಯಾರದೋ, ನಿಂದೋ ನಮ್ಮಪ್ಪಂದೋ?”

ಅವರು ಜೇಬಿಗೆ ಕೈ ಹಾಕಿ ಕನ್ನಡಕ ಏರಿಸಿ ನೋಡಿದರು. ಹೌದು. ಒಂದು ಬದಿ ಸಪಾಟು; ಇನ್ನೊಂದು, ಕನ್ನಡಕ ಬಿಚ್ಚಿದರೆ ಮುಖ ಕಾಣದ ಗಿರಾಕಿಗಳಿಗಾಗಿ ಹಿಗ್ಗಿಸಿ ತೋರಿಸುವ ಬದಿ. ದೊರೆಯ ಕಡೆಗಿದ್ದದ್ದು ಹಿಗ್ಗಿಸುವುದು.

“ಆ ಮೂಕಪ್ರಾಣಿಗೆ ದಿನಾ ದೆವ್ವ ತೋರಿಸಿದ್ದೀಯಲ್ಲೋ,” ಎಂದಳು ಅಕ್ಕ. “ಶೋಕಿ ಮಾಡೋ ವಯಸ್ಸಾ ಇದು? ಅವಳಿಗೆ ಹೇಳ್ಬಿಡು.”

ಸಂಜೆ ಹೇಳಿದರು. ಮೇಡಂ ಚಪ್ಪಲಿಯನ್ನೂ ಬಿಡದೆ ನಿಂತು ಕೇಳಿದರು.

“ಅಂದ್ರೆ ಇಷ್ಟು ದಿನ ನಿಮ್ಮ ದೊರೆ, ತನಗಿಂತ ದೊಡ್ಡ ದೊರೆ ಹತ್ರ ಜಗಳ ಆಡ್ತಿತ್ತು?”

“ಹೌದು ಮೇಡಂ.”

“ದಿನಾ ಸೋಲ್ತಿತ್ತು?”

“ದಿನಾ.”

“ಯಾಕೆ ಗೊತ್ತಾಗ್ಲಿಲ್ಲ ನಿಮಗೆ?”

“ಹತ್ತಿರದ್ದು ಕಾಣ್ಸಲ್ಲ ನನಗೆ. ನೀವು ಅವತ್ತು ಕಣ್ಣು ಪರವಾಗಿಲ್ಲ ಅಂದ್ರಲ್ಲ, ಅದಕ್ಕೇ...”

ಮೇಡಂ ಅವರ ಜೇಬಿನತ್ತ ಒಂದು ನೋಟ ಹಾಕಿದರು. ಡಿಪೋದವರು ಕಂಡಿದ್ದರೆ ರಜೆ ಹಾಕಿ ಓಡಿಹೋಗುವಂಥ ನೋಟ. “ಹಾಕ್ಕೊಳ್ರೀ ಮೊದಲು,” ಎಂದರು.

ಅವರು ಹಾಕಿಕೊಂಡರು. ಮದುವೆಯಾದವಳ ಮುಖ ಮೊದಲ ಬಾರಿಗೆ ಅಂಚು ಸಮೇತ ಕಂಡಿತು.

“ನಿಮ್ಮ ಹುಬ್ಬಲ್ಲಿ ಒಂದು ಬೆಳ್ಳಗಿನ ಕೂದಲಿದೆ.”

“ನನಗೆ ಗೊತ್ತು. ಗೊತ್ತಿಲ್ದೇ ಇದ್ದದ್ದು ನಿಮಗೆ.” ಎಂದವರು ನಕ್ಕುಬಿಟ್ಟರು. ಆಮೇಲೆ ಟ್ಯಾಂಕಿನ ಕಡೆ ತಿರುಗಿ, ನಗು ನಿಲ್ಲಿಸಿ, ಬಸ್ಸು ಬಿಡುವವರ ಕಣ್ಣಿನಿಂದ ಎರಡೂ ಬದಿ ನೋಡಿದರು. “ಒಂದು ಮಾತು ಹೇಳ್ಲಾ? ಅದು ಸೋತಿದೆ. ಇನ್ನೂ ಸತ್ತಿಲ್ಲ. ಕಲ್ಲು ಕೀಳೋಣ.”

“ಯಾಕೆ?”

“ಡಿಪೋಲಿ ಇಬ್ಬರು ಡ್ರೈವರ್‌ಗಳು ಬಸ್ ನಿಲ್ಸೋ ಜಾಗಕ್ಕೆ ಕಿತ್ತಾಡಿದ್ರೆ ನಾನು ನ್ಯಾಯ ಹೇಳೋಕೆ ಹೋಗಲ್ಲ. ನೆಲದ ಗೆರೆಗಳನ್ನೆಲ್ಲ ಅಳಿಸಿ ಬೇರೆ ಗೆರೆ ಹೊಡೆಸ್ತೀನಿ. ಆಮೇಲೆ ಯಾವುದು ಯಾರ ಅಪ್ಪನ ಜಾಗ ಅಂತ ಅವರಿಗೇ ಗೊತ್ತಾಗಲ್ಲ.”

ಇಬ್ಬರೂ ತೋಳೇರಿಸಿ ಕಲ್ಲು ಕಿತ್ತರು. ಗುಹೆ ಇದ್ದಲ್ಲಿ ಬಯಲು, ಬಯಲಿದ್ದಲ್ಲಿ ಗುಡ್ಡ ಮಾಡಿದರು. ಎರಡೂ ಬದಿಗೆ ಹೊಟ್ಟೆ ತುಂಬ ತಿನ್ನಲು ಹಾಕಿದರು. ದೀಪ ತಗ್ಗಿಸಿ ಹಾಳೆ ಎತ್ತಿದರು.

ಕಂಡಕ್ಟರ್ ತನ್ನ ರೂಟಿನಲ್ಲಿ ಹೊರಟಿತು. ದೊರೆಯ ಎದುರು ಬಂದು ನಿಂತಿತು. ದೊರೆ ರೆಕ್ಕೆ ಬಿಚ್ಚಲಿಲ್ಲ, ಮುಳ್ಳು ತೋರಲಿಲ್ಲ. ಮೈಯನ್ನು ಮೆಲ್ಲಗೆ ಒಂದು ಬದಿಗೆ ವಾಲಿಸಿ ಅದುರಿತು. ಕಂಡಕ್ಟರ್ ಅದರ ಸುತ್ತ ಒಂದು ಸುತ್ತು ಬಂದು, ಮುಂದೆ ಹೋಯಿತು. ಅಷ್ಟೇ. ಗಾಜಿನ ಈಚೆಗೆ ಇಬ್ಬರು ನಡುವಯಸ್ಕರು ಒದ್ದೆ ಕೈಯಲ್ಲೇ ಒಬ್ಬರ ಕೈ ಒಬ್ಬರು ಹಿಡಿದಿದ್ದರು.

“ಟ್ರಂಕು...” ಎಂದರು ಇವರು.

“ಅವಸರ ಬೇಡ. ಇವತ್ತು ಸುಮ್ಮನಿದ್ದದ್ದು ನಾಳೆ ಕಚ್ಚಲ್ಲ ಅಂತೇನಿಲ್ಲ.”

ನಾಳೆಯೂ ಕಚ್ಚಲಿಲ್ಲ. ವಾರಗಳು ಸರಿದವು. ದೊರೆ ತಿನ್ನತೊಡಗಿತು, ಬೂದಿ ಉದುರಿ ಕೆಂಡ ಮತ್ತೆ ಹೊಳೆಯಿತು. ಆದರೆ ನಡೆ ಬದಲಾಗಿತ್ತು: ಕಂಡಕ್ಟರ್ ಮುಂದೆ, ದೊರೆ ಒಂದು ಗೇಣು ಹಿಂದೆ. ಎಲ್ಲೋ ಒಮ್ಮೊಮ್ಮೆ ಸಣ್ಣ ಗದರಿಕೆ, ಅದು ಯಾವ ಮನೆಯಲ್ಲಿಲ್ಲ?

ಒಂದು ಸಂಜೆ ಟ್ಯಾಂಕಿನ ದೀಪಗಳು ಒಂದೊಂದಾಗಿ ಆರಿ ನೀಲಿಯೊಂದೇ ಉಳಿದಿತ್ತು. ಎರಡೂ ಕಲ್ಲು ಬಿಟ್ಟು ನಡುನೀರಿಗೆ ಬಂದವು. ಕಂಡಕ್ಟರ್ ಕೆಳಗೆ ಬಂದು ದೊರೆಯ ಹೊಟ್ಟೆಗೆ ಮೂತಿ ತಾಗಿಸಿತು. ಹಾಗೇ ಮೇಲೇರತೊಡಗಿದವು, ಯಾರೋ ಕಾಣದ ದಾರದಲ್ಲಿ ಎಳೆಯುತ್ತಿರುವಂತೆ, ನಿಧಾನವಾಗಿ, ಮುಟ್ಟಿಕೊಂಡೇ. ಇಳಿದವು, ಮತ್ತೆ ಏರಿದವು. ಮನೆಯಲ್ಲಿ ಪಂಪಿನ ಗುಂಯ್‌ಗುಡುವಿಕೆ ಬಿಟ್ಟರೆ ಸದ್ದಿಲ್ಲ. ಸಮುದ್ರವನ್ನೇ ಕಾಣದ ನಡುಮನೆಯಲ್ಲಿ, ಚಪ್ಪಲಿ ಗೂಡಿನ ಪಕ್ಕದಲ್ಲಿ, ಸಮುದ್ರದ ಯಾವುದೋ ಸಂಜೆಯ ನೆನಪು ಆ ಎರಡು ಮೈಗಳಲ್ಲಿ ಎಚ್ಚರವಾಗಿತ್ತು. ನೀರಿನ ಮೇಲ್ಪದರದ ಹತ್ತಿರ ಎರಡೂ ಫಕ್ಕನೆ ತಿರುಗಿ ಕೆಳಗೆ ಧುಮುಕಿದವು. ಅವು ಬಿಟ್ಟುಹೋದ ಕಡೆ ಏನೋ ತೇಲುತ್ತಿತ್ತು.

“ಧೂಳು,” ಎಂದರು ಮೇಡಂ, ಪಿಸುದನಿಯಲ್ಲಿ. ಅವರಿಗೆ ಪಿಸುದನಿ ಇದೆಯೆಂದು ಇವರಿಗೆ ಅಂದೇ ಗೊತ್ತಾದದ್ದು.

ಇವರು ಕನ್ನಡಕ ಒರೆಸಿ ಹಾಕಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. ಸಾಸಿವೆಗಿಂತ ಸಣ್ಣ, ನೀರಿಗಿಂತ ತಿಳಿ, ನೂರಾರು ಗಾಜಿನ ಗುಂಡುಗಳು ನೀಲಿ ಬೆಳಕಿನಲ್ಲಿ ಮೆಲ್ಲಗೆ ತಿರುಗುತ್ತಿದ್ದವು.

“ಧೂಳಲ್ಲ, ಮೇಡಂ. ಮೊಟ್ಟೆ.”

“ಮೊಟ್ಟೆ ಯಾರದು?”

“ಮೇಲಿದ್ದದ್ದು ದೊರೆ.”

“ದೊರೆ ಗಂಡಲ್ವೇನ್ರೀ?”

“ಆಗಿತ್ತು,” ಎಂದರು ಅವರು. ಸೋತದ್ದು ಸಾಯದೆ, ಓಡಿಹೋಗದೆ, ಮೈಯೊಳಗಿಂದಲೇ ತನ್ನನ್ನು ತಿರುವಿ ಹಾಕಿಕೊಂಡು ಮತ್ತೆ ಹೆಣ್ಣಾಗಿ ಎದ್ದು ಬಂದಿತ್ತು. ಅದೂ ಅವರ ಕಣ್ಣೆದುರಿಗೆ, ಯಾರ ಅಪ್ಪಣೆಯನ್ನೂ ಕೇಳದೆ. ಮೇಡಂ ಕೂಡ ಬಗ್ಗಿದರು. ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ, ಗಾಜಿನ ಮೇಲೆ ಉಸಿರಿನ ಮಂಜು ಮಾಡುತ್ತ, ಆ ಗುಂಡುಗಳು ಒಂದೊಂದಾಗಿ ನೀರಿನ ಹರಿವಿನಲ್ಲಿ ಕರಗಿಹೋಗುವವರೆಗೂ ನೋಡಿದರು.

ಮೀನಿನ ಹೆಸರು ಬದಲಾಗಲಿಲ್ಲ. ಅದು ಈಗಲೂ ದೊರೆಯೇ. ಮರುದಿನ ಮೇಡಂ ಕ್ವಾರ್ಟರ್ಸಿನ ಬೀಗದ ಕೈ ಡಿಪೋಗೆ ಒಪ್ಪಿಸಿ ಬಂದು, ಟ್ರಂಕು ಬಿಚ್ಚಿ ಸೀರೆಗಳನ್ನು ಬೀರುವಿಗೆ ಜೋಡಿಸಿದರು.