ವಾಲಪ್ಪ ಬೀಳುವ ಕಡೆ

ಫೋನು ಇಟ್ಟು ನಮ್ಮ ಯಜಮಾನರು ಅಡುಗೆಮನೆ ಬಾಗಿಲಿಗೆ ಬಂದು ನಿಂತಾಗ ಅವರ ಕೈಯಲ್ಲಿ ಊರುಗೋಲು ಇರಲಿಲ್ಲ. ಅದನ್ನು ಫೋನಿನ ಪಕ್ಕದಲ್ಲೇ ಮರೆತು ಬಂದಿದ್ದರು. ಮರೆತದ್ದು ನನಗೆ ಗೊತ್ತಾಯಿತೇ ಹೊರತು ಅವರಿಗೆ ಗೊತ್ತಾಗಲಿಲ್ಲ.

"ನೌಕೆ ಮತ್ತೆ ಹಾರುತ್ತಂತೆ ಕಣೇ," ಅಂದರು.

"ಮೊದಲು ಕೋಲು ಎಲ್ಲಿ ಹೇಳಿ."

"ಕೋಲು ಹಾಳಾಗಿ ಹೋಗ್ಲಿ. ವಾಲಪ್ಪನ್ನ ಕರೆದಿದ್ದಾರೆ. ಬರೋ ವಾರ ಶೂಟಿಂಗು."

ಖುಷಿಗೆ ನನ್ನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು. ಮರುಕ್ಷಣ ಅವರ ಸೊಂಟ ನೆನಪಾಗಿ ಖುಷಿಯೂ ಅದರ ಹಿಂದೆಯೇ ಬಿತ್ತು.

ವಾಲಪ್ಪ ಅನ್ನುವುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಟೀವಿ ನೋಡುವವರೆಲ್ಲ ಸೇರಿ ಇಟ್ಟದ್ದು. ಅದು ಹೇಗೆ ಬಂತೆಂದು ನಾನು ಹೇಳಲು ಶುರು ಮಾಡಿದರೆ ಅವರು ನಡುವೆ ಬಾಯಿ ಹಾಕಿ ಕೆಡಿಸುತ್ತಾರೆ. ಈಗ ಪಕ್ಕದಲ್ಲಿಲ್ಲ, ಆರಾಮಾಗಿ ಹೇಳಬಹುದು.

ಒಂದು ಮನೆಯ ಟೀವಿಯನ್ನು ಇಡೀ ಬೀದಿ ನೋಡುತ್ತಿದ್ದ ಕಾಲ ಅದು. ಬಾಹ್ಯಾಕಾಶ ನೌಕೆಯೊಂದರ ಧಾರಾವಾಹಿ ತೆಗೆಯುತ್ತಿದ್ದರು. ನಾನು ಆ ಸ್ಟುಡಿಯೋದ ಹೊಲಿಗೆ ವಿಭಾಗದಲ್ಲಿದ್ದೆ. ಬಾಹ್ಯಾಕಾಶದ ಉಡುಪುಗಳನ್ನು ಕಿಟಕಿ ಪರದೆಯ ಅಸ್ತರ್ ಬಟ್ಟೆಯಲ್ಲಿ ಹೊಲಿದವಳು ನಾನೇ. ನೌಕೆ ಪ್ಲೈವುಡ್ಡಿನದು. ಅದರ ಗೋಡೆಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿ ಬೆಳ್ಳಿ ಬಣ್ಣ ಬಳಿದಿದ್ದರು. ಶತ್ರುಗಳು ಹೊಡೆದಾಗ ನೌಕೆ ಅಲುಗಾಡಬೇಕಲ್ಲ, ನಿಜವಾಗಿ ಅಲುಗಾಡಿಸಿದ್ದರೆ ಗೋಡೆ ಕಳಚಿ ಕ್ಯಾಪ್ಟನ್ ತಲೆ ಮೇಲೆ ಬೀಳುತ್ತಿತ್ತು. ಅದಕ್ಕೇ ಕ್ಯಾಮೆರಾವನ್ನು ಒಂದು ಪಕ್ಕಕ್ಕೆ ವಾಲಿಸುತ್ತಿದ್ದರು. ಯಾರಾದರೊಬ್ಬರು ತಗಡಿನ ತಟ್ಟೆ ಬಡಿಯುತ್ತಿದ್ದರು. ಆ ಸದ್ದಿಗೆ ನೌಕೆಯವರೆಲ್ಲ ಒಟ್ಟಿಗೇ ಎಡಕ್ಕೆ ಬೀಳುತ್ತಿದ್ದರು. ನಮ್ಮ ವಿಜ್ಞಾನ ಅಷ್ಟಕ್ಕೇ ಮುಗಿಯುತ್ತಿತ್ತು.

ಇವರನ್ನು ಕರೆಸಿದ್ದು ಒಂದೇ ದಿನದ ಮೆಕ್ಯಾನಿಕ್ ಪಾತ್ರಕ್ಕೆ. ಮಾತಿಲ್ಲ, ಕಥೆಯಿಲ್ಲ, ಕೈಯಲ್ಲೊಂದು ಸ್ಪ್ಯಾನರ್. ಕ್ಯಾಪ್ಟನ್ ಕುರ್ಚಿಯ ಪಕ್ಕ ನಿಲ್ಲಬೇಕು, ತಟ್ಟೆ ಸದ್ದಾದಾಗ ಬೀಳಬೇಕು. ಆ ಕುರ್ಚಿ ಆಫೀಸಿನಿಂದ ತಂದದ್ದು, ಬೆಳ್ಳಿ ಬಣ್ಣದ ಕೆಳಗೆ ಅದಕ್ಕೆ ಚಕ್ರಗಳಿದ್ದವು. ತಟ್ಟೆ ಬಡಿಯಿತು. ಎಲ್ಲರೂ ಎಡಕ್ಕೆ ಬಿದ್ದರು. ಇವರು ಗಾಬರಿಯಲ್ಲಿ ಕುರ್ಚಿ ಹಿಡಿದುಕೊಂಡರು, ಕುರ್ಚಿ ಗಡಗಡ ಉರುಳಿ ಬಲಕ್ಕೆ ಹೊರಟಿತು, ಇವರೂ ಅದರ ಜೊತೆಗೇ ಹೊರಟರು. ಬಲಗಡೆಯ ಅಂಚಿನಲ್ಲಿ ನಾನು ಸೂಜಿ ದಾರ ಹಿಡಿದು ನಿಂತಿದ್ದೆ. ಬಂದು ಬಿದ್ದದ್ದು ನನ್ನ ಕಾಲ ಬುಡಕ್ಕೆ.

"ಕ್ಷಮಿಸಿ, ತಪ್ಪು ಕಡೆಗೆ ಬಂದೆ," ಅಂದರು. ಇವರು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

ಸಂಜೆಯ ವಾರ್ತೆಗೆ ಸ್ಟುಡಿಯೋ ಬಿಟ್ಟುಕೊಡಬೇಕಾಗಿತ್ತು, ಮತ್ತೆ ಶೂಟ್ ಮಾಡಲು ಹೊತ್ತಿರಲಿಲ್ಲ. ಹಾಗೇ ಪ್ರಸಾರವಾಯಿತು. ಮಾರನೆಯ ದಿನ ಫೋನೋ ಫೋನು. ಎಲ್ಲರದೂ ಒಂದೇ ಪ್ರಶ್ನೆ: ಆ ಮೆಕ್ಯಾನಿಕ್ ಮಾತ್ರ ಯಾಕೆ ಆ ಕಡೆಗೆ ಬಿದ್ದ? ಕಥೆ ಬರೆಯುವವರಿಗೆ ತಲೆ ಕೆಟ್ಟು ಹೋಯಿತು. ಕೊನೆಗೆ ಒಂದು ಕಾರಣ ಹುಟ್ಟಿಸಿದರು. ಮೆಕ್ಯಾನಿಕ್ ಭೂಮಿಯವನಲ್ಲ. ಅವನ ಗ್ರಹ ಎಷ್ಟು ದೂರವಿದ್ದರೂ ಅವನನ್ನು ತನ್ನ ಕಡೆಗೇ ಎಳೆಯುತ್ತದೆ, ಎಲ್ಲರೂ ಒಂದು ಕಡೆ ಬಿದ್ದರೆ ಅವನು ಇನ್ನೊಂದು ಕಡೆ ಬೀಳುತ್ತಾನೆ. ಒಂದು ದಿನಕ್ಕೆ ಬಂದಿದ್ದ ಮನುಷ್ಯ ಧಾರಾವಾಹಿ ಮುಗಿಯುವವರೆಗೂ ಉಳಿದುಕೊಂಡರು. ಕ್ಯಾಪ್ಟನ್‌ಗಳು ಬಂದರು, ಹೋದರು. ಇವರು ಬೀಳುತ್ತಲೇ ಇದ್ದರು. ಬಿದ್ದ ಮೇಲೆ ಬಟ್ಟೆ ಕೊಡವಿಕೊಂಡು ಒಂದು ಮಾತು ಹೇಳಬೇಕಿತ್ತು: "ನಮ್ಮೂರು ಈ ಕಡೆ." ಇಷ್ಟು ಹೇಳಿದರೆ ಸಾಕು, ಬೀದಿಯ ಮಕ್ಕಳೆಲ್ಲ "ವಾಲಪ್ಪ, ವಾಲಪ್ಪ" ಎಂದು ಕೂಗಿ ಸಿಳ್ಳೆ ಹಾಕುತ್ತಿದ್ದರು.

ಪೆಟ್ಟಾಗದಿರಲಿ ಎಂದು ಅವರ ಉಡುಪಿನೊಳಗೆ ಬಲಸೊಂಟಕ್ಕೆ ಸ್ಪಂಜಿನ ಮೆತ್ತೆ ಹೊಲಿದು ಕೊಡುತ್ತಿದ್ದೆ. ಮೆತ್ತೆ ಸರಿಯಾಗಿದೆಯಾ ಎಂದು ಕೇಳುವುದು, ಸರಿಯಾಗಿಲ್ಲ ಎಂದು ಅವರು ಮತ್ತೆ ಮತ್ತೆ ಬರುವುದು, ಹೀಗೇ ಮದುವೆಯವರೆಗೂ ಹೋಯಿತು. ಮೆತ್ತೆ ಮೊದಲ ದಿನವೇ ಸರಿಯಾಗಿತ್ತಂತೆ.

ಬಸ್ಸಿನಲ್ಲಿ ಹೋದರೆ ಡ್ರೈವರು ಬ್ರೇಕು ಹಾಕಿದಾಗ ಇಡೀ ಬಸ್ಸು ಇವರ ಕಡೆ ನೋಡುತ್ತಿತ್ತು. ಇವರು ಯಾರನ್ನೂ ನಿರಾಸೆಗೊಳಿಸಿದವರಲ್ಲ. ನೌಕೆ ನಿಂತ ಮೇಲೆ ಸಂಸಾರದ ಧಾರಾವಾಹಿಗಳಲ್ಲಿ ಮಾವನ ಪಾತ್ರ, ಜಡ್ಜಿನ ಪಾತ್ರ ಸಿಕ್ಕವು. ಒಂದರಲ್ಲಿ ಮಾವನಿಗೆ ಹೃದಯಾಘಾತವಾಗಿ ಕುಸಿಯುವ ದೃಶ್ಯವಿತ್ತು. ಇವರು ಬಲಕ್ಕೆ ವಾಲಿದರು, ಅಳಬೇಕಾಗಿದ್ದ ಸೊಸೆ ಕಿಸಕ್ಕೆಂದು ನಕ್ಕುಬಿಟ್ಟಳು. ಆಮೇಲೆ ಸಾಯುವ ಪಾತ್ರಗಳು ಬರಲಿಲ್ಲ. ಕ್ರಮೇಣ ಬದುಕುವ ಪಾತ್ರಗಳೂ ನಿಂತವು. ಇವರು ಅದಕ್ಕೆ ಕೊರಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೊರಗಿದರು, ಆದರೆ ನಗುನಗುತ್ತಾ ಕೊರಗಿದರು.

ಹೋದ ವರ್ಷ ಬಲಸೊಂಟದ ಕೀಲು ಸವೆದು ಹೋಗಿ ಬದಲಾಯಿಸಬೇಕಾಯಿತು. ಈಗ ಬಂದದ್ದು ಈ ಕರೆ.

ಹೊಸ ಧಾರಾವಾಹಿಯ ಡೈರೆಕ್ಟರ್ ಮನೆಗೇ ಬಂದರು. ಗಡ್ಡ ಬಿಟ್ಟಿದ್ದರೂ ಮುಖದಲ್ಲಿ ಇನ್ನೂ ಹುಡುಗಾಟ. ಕುರ್ಚಿ ತೋರಿಸಿದರೆ ಕೂರಲೊಲ್ಲರು, ನಡುಮನೆಯಲ್ಲಿ ಓಡಾಡುತ್ತಲೇ ಕಥೆ ಹೇಳಿದರು.

"ಸರ್, ನೀವು ಎಷ್ಟೋ ವರ್ಷ ಆದ್ಮೇಲೆ ನೌಕೆಗೆ ವಾಪಸ್ ಬರ್ತೀರಿ. ಹೊಸಬರು ಯಾರೂ ನಂಬಲ್ಲ. ವೇಷ ಹಾಕ್ಕೊಂಡು ಬಂದಿರೋ ಶತ್ರು ಅಂತ ನಿಮ್ಮ ಮೇಲೆ ಗನ್ ಹಿಡೀತಾರೆ. ಅಷ್ಟರಲ್ಲಿ ನೌಕೆಗೆ ಪೆಟ್ಟು ಬೀಳುತ್ತೆ. ಎಲ್ರೂ ಒಂದು ಕಡೆ, ನೀವೊಬ್ರೇ ಇನ್ನೊಂದು ಕಡೆ. ಅಲ್ಲಿಗೆ ಎಲ್ರಿಗೂ ಗೊತ್ತಾಗುತ್ತೆ, ವಾಲಪ್ಪನೇ ಬಂದಿದ್ದಾನೆ ಅಂತ. ನಾನು ಚಿಕ್ಕೋನಿದ್ದಾಗಿಂದ ಈ ದೃಶ್ಯ ತಲೇಲಿ ಇಟ್ಕೊಂಡಿದ್ದೀನಿ ಸರ್. ಕಂಪ್ಯೂಟರ್ ಮುಟ್ಟಲ್ಲ. ಅದೇ ಪ್ಲೈವುಡ್ಡು, ಅದೇ ತಗಡಿನ ತಟ್ಟೆ."

ಯಜಮಾನರ ಕಣ್ಣು ಹೊಳೆಯುತ್ತಿದ್ದವು. ಊರುಗೋಲನ್ನು ಸೋಫಾದ ಹಿಂದಕ್ಕೆ ಕಾಲಿನಿಂದ ಮೆಲ್ಲಗೆ ತಳ್ಳಿದ್ದನ್ನು ನಾನು ಕಂಡೆ.

ಡೈರೆಕ್ಟರ್ ಅತ್ತ ಹೋದ ಕೂಡಲೇ ನಾನು ಇವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರೂ ನೌಕೆ ನೋಡಿಕೊಂಡೇ ಬೆಳೆದವರು, ಸುದ್ದಿ ಕೇಳಿ ಖುಷಿಯಿಂದ ಕುಣಿದುಬಿಟ್ಟರು. ಆಮೇಲೆ ಮುಖ ಗಂಟು ಹಾಕಿಕೊಂಡು, "ಎಡಕ್ಕಾದ್ರೆ, ದಪ್ಪ ಹಾಸಿಗೆ ಮೇಲೆ, ಮೆತ್ತಗೆ, ಒಂದೇ ಸಲ. ಬಲಕ್ಕೆ ಬಿದ್ರೆ ಮಾತ್ರ ಮತ್ತೆ ನಡೆಯೋ ಆಸೆ ಬಿಟ್ಬಿಡಿ," ಅಂದರು.

"ಡೈರೆಕ್ಟರಿಗೆ ಹೇಳಿಬಿಡಿ," ಅಂದೆ ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ.

"ಹೇಳಿದ್ರೆ ಕುರ್ಚೀಲಿ ಕೂರಿಸಿ ಕೈ ಮುಗಿದು ಕಳಿಸ್ತಾರೆ. ಇಲ್ಲಾಂದ್ರೆ ಯಾವನಿಗೋ ನನ್ನ ಬಟ್ಟೆ ಹಾಕಿ ಬೀಳಿಸ್ತಾರೆ. ನನಗೆ ಬೇರೇನು ಬರುತ್ತೆ ಹೇಳು. ಅಳೋದು ಬರಲ್ಲ, ಡೈಲಾಗ್ ಬರಲ್ಲ. ಬೀಳೋದೊಂದೇ ಬರೋದು."

"ಹಾಗಾದ್ರೆ ಎಡಕ್ಕೆ ಬೀಳಿ."

"ಎಲ್ಲರ ಜೊತೆ ಎಡಕ್ಕೆ ಬಿದ್ರೆ ನಾನು ಶತ್ರು ಅಂತ ಆಗುತ್ತಲ್ಲೇ. ಕಥೆಯೇ ಸತ್ತು ಹೋಗುತ್ತೆ."

"ಕಥೆ ಸತ್ರೂ ಪರವಾಗಿಲ್ಲ, ನೀವು ನಡೀಬೇಕು. ಮಾತು ಕೊಡಿ."

ಕೊಟ್ಟರು. ಆದರೆ ಕೊಡುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ಇವರು ಎಂಥ ಹಟಮಾರಿ ಎಂದು ನನಗೆ ಗೊತ್ತಿಲ್ಲವೇ? ಕೊನೇ ಗಳಿಗೆಯಲ್ಲಿ ಬಲಕ್ಕೇ ಹಾರುತ್ತಾರೆ ಅನ್ನಿಸಿತು.

ಶೂಟಿಂಗ್ ದಿನ ಸ್ಟುಡಿಯೋ ಒಳಗೆ ಕಾಲಿಟ್ಟ ಕೂಡಲೇ ನನಗೆ ಆ ಚಿಂತೆಯೂ ಮರೆತುಹೋಯಿತು. ಅದೇ ನೌಕೆ. ಅದೇ ಮೊಟ್ಟೆ ತಟ್ಟೆಗಳ ಗೋಡೆ, ಅದೇ ಹಸಿ ಬಣ್ಣದ ವಾಸನೆ. ಬೆಳ್ಳಿ ಬಣ್ಣದ ಕುರ್ಚಿಗೆ ಚಕ್ರಗಳನ್ನು ಬೇಕೆಂದೇ ಹಾಕಿಸಿದ್ದರು. ಇವರು ಒಂದೊಂದೇ ಗುಂಡಿ ಒತ್ತಿ, ದೀಪ ಹತ್ತಿದಾಗಲೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಹೊಸ ನಟರೆಲ್ಲ ಸುತ್ತ ನೆರೆದು ಬೀಳುವುದನ್ನು ಕಲಿಸಿ ಎಂದು ದುಂಬಾಲು ಬಿದ್ದರು. ಇವರಿಗೆ ಇನ್ನೇನು ಬೇಕು. ಗೋಡೆಗೊರಗಿಕೊಂಡು ಪಾಠವನ್ನೇ ಶುರು ಮಾಡಿದರು. "ಬೀಳೋ ಮುಂಚೆ ಬೀಳ್ತೀನಿ ಅಂತ ಮುಖಕ್ಕೆ ಗೊತ್ತಾಗಬಾರದು. ಕಾಲಿಗೆ ಮಾತ್ರ ಗೊತ್ತಿರಬೇಕು."

ಹೊಲಿಗೆ ವಿಭಾಗವನ್ನು ನೋಡಿಕೊಳ್ಳುತ್ತಿದ್ದವಳು ಚುರುಕಾದ ಹೆಣ್ಣುಮಗಳು. ಬಲಕ್ಕೆ ಮೆತ್ತೆ ಹಾಕಿ ಉಡುಪನ್ನು ಸಿದ್ಧ ಮಾಡಿಟ್ಟಿದ್ದಳು. ನಾನು ಅದನ್ನು ಬಿಚ್ಚಿ ಎಡಕ್ಕೆ ಹೊಲಿಯತೊಡಗಿದೆ.

"ಅಮ್ಮ, ಅದು ಬಲಕ್ಕಲ್ವಾ?"

"ಈ ಸಲ ಎಡಕ್ಕಿರಲಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಅತ್ತ ಹುಷಾರಾಗಿ ಕೂತಿದ್ದ ಇವರನ್ನು, ಇವರು ಬಲಗಾಲನ್ನು ಚಾಚಿಕೊಂಡಿದ್ದ ರೀತಿಯನ್ನು ನೋಡಿದಳು. ತಲೆಯಾಡಿಸಿ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಸದ್ಯ, ಬಚಾವಾದೆ ಅಂದುಕೊಂಡೆ.

ರಿಹರ್ಸಲ್‌ನಲ್ಲಿ ಎಲ್ಲರೂ ಎಡಕ್ಕೆ ಬಿದ್ದರು. "ಸರ್, ನೀವು ಟೇಕಲ್ಲಿ ಮಾತ್ರ ಬಿದ್ರೆ ಸಾಕು," ಎಂದರು ಡೈರೆಕ್ಟರ್. ಅದಾದ ಮೇಲೆ ಏನೇನೋ ಗಡಿಬಿಡಿ. ಹಾಸಿಗೆಗಳನ್ನು ಆ ಕಡೆಯಿಂದ ಈ ಕಡೆಗೆ ಎಳೆದಾಡಿದರು. ಕ್ಯಾಮೆರಾದವರು ಡೈರೆಕ್ಟರ ಕಿವಿಯಲ್ಲಿ ಏನೋ ಕೇಳಿ ತಲೆಯಾಡಿಸಿದರು. ಆ ಹೊಲಿಗೆಯ ಹುಡುಗಿಯಂತೂ ಕಾಲರ್ ಸರಿಮಾಡುವ ನೆಪದಲ್ಲಿ ಒಬ್ಬೊಬ್ಬ ನಟನ ಹತ್ತಿರವೂ ನಿಂತು ಪಿಸುಗುಟ್ಟುತ್ತಿದ್ದಳು. ನಮ್ಮ ಕಾಲದಲ್ಲಿ ಟೇಕ್ ಹೊತ್ತಿನಲ್ಲಿ ಹೀಗೆ ಹರಟೆ ಹೊಡೆದಿದ್ದರೆ ಮನೆಗೆ ಕಳಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ನಾನು ಯಾವಾಗಲೂ ನಿಲ್ಲುತ್ತಿದ್ದದ್ದು ಅವರ ಬಲಗಡೆ. ಅವತ್ತು ಎಡಗಡೆಯ ಅಂಚಿಗೆ ಹೋಗಿ ಅವರಿಗೆ ಕಾಣುವ ಹಾಗೆ ನಿಂತೆ. ಕೊಟ್ಟ ಮಾತು ಮರೆಯಬಾರದಲ್ಲ.

ದೀಪಗಳು ಹತ್ತಿದವು. ಯುವ ಕ್ಯಾಪ್ಟನ್ ಇವರ ಎದೆಗೆ ಗನ್ ಹಿಡಿದ. "ನೀನು ವಾಲಪ್ಪ ಅನ್ನೋದಕ್ಕೆ ಏನು ಸಾಕ್ಷಿ?" ಇವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಕೈಯಲ್ಲಿ ಅದೇ ಹಳೆಯ ಸ್ಪ್ಯಾನರ್. ನನ್ನ ಎದೆ ಬಡಿತ ಮೈಕಿಗೆ ಕೇಳಿಬಿಟ್ಟರೆ ಏನು ಗತಿ ಅನ್ನಿಸಿತು.

ತಟ್ಟೆ ಬಡಿಯಿತು.

ಅವರ ಬಲ ಭುಜ ಒಂದು ಚೂರು ಬಲಕ್ಕೆ ಹೊರಟಿತು. ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ನನ್ನನ್ನು ಕಂಡಿತು. ಆ ಮುಖದಲ್ಲಿ ಎಂಥ ಸಂಕಟ ಇತ್ತೆಂದರೆ, ನನಗಾಗಿ ಅವರು ತಮ್ಮ ಇಡೀ ಜೀವನದ ಕೆಲಸವನ್ನು ಅಲ್ಲೇ ಬಿಟ್ಟುಕೊಟ್ಟದ್ದು ಕಾಣಿಸಿತು. ಎಡಕ್ಕೆ ತಿರುಗಿ, ಕೈಚಾಚಿ, ನನ್ನ ಮುಂದಿದ್ದ ಹಾಸಿಗೆ ಮೇಲೆ ಮೆತ್ತಗೆ ಬಿದ್ದರು. ನಾನು ಕಣ್ಣು ಮುಚ್ಚಿಕೊಂಡೆ. ಅವರ ಮೇಲೆ ಉಳಿದವರೂ ಬಂದು ಬೀಳುವ ಸದ್ದಿಗೆ ಕಾದೆ.

ಸದ್ದು ದೂರದಿಂದ ಬಂತು.

ಕಣ್ಣು ತೆರೆದರೆ ಎಡಗಡೆಯಲ್ಲಿ ಇವರೊಬ್ಬರೇ. ಕ್ಯಾಪ್ಟನ್, ಪೈಲಟ್‌ಗಳು, ಕಾವಲಿನವರು, ಅಷ್ಟೂ ಜನ ಬಲಗಡೆಯ ಗೋಡೆಯ ಬುಡದಲ್ಲಿ ರಾಶಿಯಾಗಿ ಬಿದ್ದಿದ್ದರು. ಕ್ಯಾಮೆರಾ ಕೂಡ ಹಿಂದೆಂದೂ ವಾಲದ ಕಡೆಗೆ ವಾಲಿತ್ತು. ಬೆಳ್ಳಿ ಕುರ್ಚಿ ಗಡಗಡ ಉರುಳಿ ಆ ರಾಶಿಯನ್ನು ಸೇರಿತು.

ಇಷ್ಟು ಸುಲಭದ ದಾರಿ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಹೇಗೆ ಹೊಳೆಯಬೇಕು? ಒಂದು ದಿನದ ಪಾತ್ರಕ್ಕೆ ಬಂದ ಮನುಷ್ಯ. ತನಗೋಸ್ಕರ ಇಡೀ ನೌಕೆಯೇ ಇನ್ನೊಂದು ಕಡೆಗೆ ಬೀಳಬಹುದು ಅನ್ನುವ ಯೋಚನೆ ಅವರ ತಲೆಯೊಳಕ್ಕೆ ಬರುವಂಥದ್ದೇ ಅಲ್ಲ.

ಇವರು ಬಿದ್ದಲ್ಲಿಂದಲೇ ತಲೆಯೆತ್ತಿ ಆ ಕಡೆ ನೋಡಿದರು. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನನ್ನ ಕಡೆ ತಿರುಗಿದರು. ಮಾತು ಎಲ್ಲರಿಗೂ ಕೇಳಿಸಿತು.

"ನಮ್ಮೂರು ಈ ಕಡೆ."

ಡೈರೆಕ್ಟರಿಗೆ ಕಟ್ ಹೇಳುವುದೇ ಮರೆತುಹೋಯಿತು. ಯಾರೋ ಸಿಳ್ಳೆ ಹಾಕಿದರು. ಬಲಗಡೆ ರಾಶಿಯಾಗಿ ಬಿದ್ದಿದ್ದವರು ಬಿದ್ದಲ್ಲೇ ಚಪ್ಪಾಳೆ ತಟ್ಟತೊಡಗಿದರು. ಹೊಲಿಗೆಯ ಹುಡುಗಿ ನನ್ನ ಪಕ್ಕ ಬಂದು, "ಮೆತ್ತೆ ಯಾವ ಕಡೆ ಇದೆಯೋ ಆ ಕಡೆ ಅವರೊಬ್ರಿಗೇ ಜಾಗ ಬಿಡಿ ಅಂತ ಡೈರೆಕ್ಟರಿಗೂ ಎಲ್ರಿಗೂ ಹೇಳಿದೆ ಅಮ್ಮ, ಅಷ್ಟೇ," ಅಂದಳು. ಅವಳನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದಕ್ಕೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಾನೂ ಕ್ಯಾಪ್ಟನ್ನೂ ಸೇರಿ ಇವರನ್ನು ಎಬ್ಬಿಸಿ ನಿಲ್ಲಿಸಿದೆವು. ಸೊಂಟ ಮುಟ್ಟಿ ನೋಡಿದೆ, ಏನೂ ಆಗಿರಲಿಲ್ಲ. ಬಟ್ಟೆ ಕೊಡವಿಕೊಳ್ಳುತ್ತಾ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸರಿಯಾಗಿ ಬಿದ್ನೇನೇ?"

"ಎಲ್ಲಿ ಸರಿಯಾಗಿ?" ಅಂದೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಯಾವಾಗಿನ ಹಾಗೆ ತಪ್ಪು ಕಡೆಗೇ ಬಿದ್ರಿ."