ಹಗ್ಗದ ತುದಿ

ಮಾವ ಚಳಿಗಾಲಕ್ಕೆ ಮುಂಚೆಯೇ ಸಣ್ಣ ಡೇರೆಗೆ ಹೋಗಿಬಿಟ್ಟಿದ್ದರು. ಮಗನಿಗೆ ಮಗುವಾಗಿ ಅದು ನಡೆಯತೊಡಗಿದರೆ ಹಿರಿಯರು ದೊಡ್ಡ ಡೇರೆಯನ್ನೂ ಹಿಂಡನ್ನೂ ಬಿಟ್ಟುಕೊಟ್ಟು ಪಕ್ಕದ ಸಣ್ಣ ಡೇರೆಗೆ ಹೋಗುವುದು ನಮ್ಮ ಚಾಂಗ್‌ಥಾಂಗ್ ಎಂಬ ಎತ್ತರದ ಚಳಿಬಯಲಲ್ಲಿ ಹಿಂದಿನಿಂದ ಬಂದದ್ದು. ನನ್ನ ಮಗಳು ನಿಲ್ಜಾ ನಡೆಯುವುದಿರಲಿ, ಮೇಕೆಯ ಬೆನ್ನೇರಿ ಕೂರುವಷ್ಟು ದೊಡ್ಡವಳಾಗಿದ್ದಳು. ಮಾವ ತಮ್ಮ ಪ್ರಾರ್ಥನಾಚಕ್ರ, ಕಂಬಳಿ, ಚಹಾದ ಬಟ್ಟಲು ಎತ್ತಿಕೊಂಡು ನಗುತ್ತ ಹೊರಟುಹೋದರು. ಅತ್ತೆ ಹೋಗಲಿಲ್ಲ.

"ಅದೊಂದು ಡೇರೆನಾ? ಕಾಲು ಚಾಚಿದ್ರೆ ಪಾದ ಹೊರಗಿರುತ್ತೆ. ಜೊತೆಗೆ ಆ ಮುದುಕನ ಗೊರಕೆ ಬೇರೆ," ಎನ್ನುತ್ತಿದ್ದರು.

"ಅಮಾ, ಮೂವತ್ತು ವರ್ಷದಿಂದ ಅದೇ ಗೊರಕೆ ಕೇಳಿಲ್ವಾ ನೀವು?" ಎಂದು ನನ್ನ ಗಂಡ ಲುಂಡುಪ್ ಕೆಣಕುತ್ತಿದ್ದ.

"ದೊಡ್ಡ ಡೇರೆಲಿ ಗೊರಕೆ ಮೇಲಕ್ಕೆ ಹೋಗುತ್ತೆ ಕಣೋ. ಸಣ್ಣದ್ರಲ್ಲಿ ನೇರ ಕಿವಿಗೇ ಬರುತ್ತೆ."

ಗೊರಕೆ ಬರೀ ನೆಪ. ಅವರಿಗೆ ಬಿಡಲಾಗದೆ ಇದ್ದದ್ದು ಹಗ್ಗ. ಹಾಲು ಕರೆಯುವಾಗ ನಾವು ಮೇಕೆಗಳನ್ನು ಎದುರುಬದುರು ಎರಡು ಸಾಲಿನಲ್ಲಿ ನಿಲ್ಲಿಸಿ, ಕತ್ತಿಗೆ ಕತ್ತು ಸೇರಿಸಿ, ಒಂದೇ ಉದ್ದನೆಯ ಹಗ್ಗದಿಂದ ಕುಣಿಕೆ ಹಾಕುತ್ತ ಹೋಗುತ್ತೇವೆ. ತುದಿ ಹಿಡಿದು ಒಮ್ಮೆ ಎಳೆದರೆ ಸಾಕು, ಎಲ್ಲ ಕುಣಿಕೆಗಳೂ ಸರಸರನೆ ಬಿಚ್ಚಿಕೊಳ್ಳುತ್ತವೆ, ಇಡೀ ಹಿಂಡು ಬಿಡುಗಡೆ. ಆ ತುದಿ ಯಾರ ಕೈಯಲ್ಲಿದೆಯೋ ಮನೆ ಅವರದು. ನಮ್ಮ ಮನೆಯಲ್ಲಿ ಅದು ಅತ್ತೆಯ ಕೈಯಲ್ಲಿತ್ತು. ಅವರೇ ತಮ್ಮ ಯಾಕ್‌ಗಳ ಕೂದಲಿನಿಂದ ಹೊಸೆದ ಹಗ್ಗ ಅದು. ಸಾಲಿನ ತಲೆಗೆ ಕೂತು, ತುದಿಯನ್ನು ಮೊಣಕಾಲಿನ ಕೆಳಗೆ ಒತ್ತಿಕೊಂಡು, ನಾನು ಕರೆಯುವುದನ್ನು ನೋಡುತ್ತಿದ್ದರು.

"ಜವೆ ಹೊಲದ ಹುಡುಗಿ," ಎನ್ನುತ್ತಿದ್ದರು ಅಕ್ಕಪಕ್ಕದ ಡೇರೆಗಳವರ ಮುಂದೆ. "ಏಪ್ರಿಕಾಟ್ ಕಿತ್ತ ಹಾಗೆ ಕೆಚ್ಚಲು ಹಿಂಡ್ತಾಳೆ."

ನಾನು ಹುಟ್ಟಿದ್ದು ಕೆಳಗಿನ ಕಣಿವೆಯಲ್ಲಿ, ನಿಜ. ಮನೆ, ಹೊಲ, ಮರ ಇದ್ದ ಊರು. ಆದರೆ ಏಳು ಚಳಿಗಾಲ ಈ ಹಿಂಡಿನ ಜೊತೆ ಕಳೆದಿದ್ದೆ. ರಾತ್ರಿ ಮರಿ ಹಾಕಿಸಿ, ಬೆಳಗ್ಗೆ ಅದೇ ಕೈಯಲ್ಲಿ ಮಗಳಿಗೆ ಹಿಟ್ಟು ಕಲಸಿಕೊಟ್ಟಿದ್ದೆ. ನನ್ನಿಂದ ಆಗುತ್ತದೋ ಇಲ್ಲವೋ ಎಂಬ ಅನುಮಾನ ನನಗಿರಲಿಲ್ಲ. ಅತ್ತೆಗಿತ್ತು. ಈ ಬೇಸಿಗೆಯೂ ತುದಿ ಸಿಗದಿದ್ದರೆ ಬೇರೆ ಹಿಂಡು ಕಟ್ಟೋಣ ಎಂದು ಲುಂಡುಪ್‌ಗೆ ಹೇಳಿಯೂ ಬಿಟ್ಟಿದ್ದೆ. ಅಂದರೆ ಇರುವ ಮೇಕೆಗಳನ್ನು ಎರಡು ಪಾಲು ಮಾಡುವುದು. ಎರಡು ಪಾಲಾದ ಹಿಂಡು ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ.

ಆ ವರ್ಷ ಚಳಿಗಾಲ ಮುಗಿದರೂ ಸರೋವರದ ಮೂಡಣ ದಡದಲ್ಲಿ ಹಿಮ ಕರಗಿರಲಿಲ್ಲ. ನಾವು ಪ್ರತಿ ವರ್ಷ ಬಿಡಾರ ಹೂಡುತ್ತಿದ್ದುದು ಅಲ್ಲೇ. ನಮ್ಮ ಮುಖಂಡ ಗೋಬಾ ಪಡುವಣ ದಡ ತೋರಿಸಿದ. ಬೆಟ್ಟ ಬೆನ್ನಿಗೆ, ಸರೋವರ ಎದುರಿಗೆ. ಹುಲ್ಲು ಚೆನ್ನಾಗಿತ್ತು, ಸಿಹಿನೀರಿನ ಒರತೆ ಹತ್ತಿರ. ದೊಡ್ಡ ಡೇರೆ ಎಬ್ಬಿಸಿ, ಪಕ್ಕದಲ್ಲಿ ಮಾವನ ಡೇರೆ ಎಬ್ಬಿಸಿ, ಮರಿಗಳಿಗೆ ಕಲ್ಲಿನ ದೊಡ್ಡಿ ಕಟ್ಟಿದೆವು.

ನಿಲ್ಜಾಗೆ ಒಂದೇ ಆಟ: ಸರೋವರದ ಮೇಲಿನ ಮಂಜುಗಡ್ಡೆಗೆ ಕಲ್ಲು ಎಸೆಯುವುದು. ಬಂದ ಹೊಸದರಲ್ಲಿ ಕಲ್ಲು ಕಿಣಿಕಿಣಿ ಎನ್ನುತ್ತ ದೂರದವರೆಗೆ ಜಾರಿಹೋಗುತ್ತಿತ್ತು, ಅವಳು ಕುಣಿಯುತ್ತಿದ್ದಳು. ಆ ದಿನ ಬೆಳಗ್ಗೆ ನಾನು ದಡದಲ್ಲಿ ಸಗಣಿ ಆರಿಸುತ್ತಿದ್ದಾಗ ಅವಳು ಅಳುಮುಖ ಮಾಡಿಕೊಂಡು ಬಂದಳು.

"ಅಮಾ, ಕಲ್ಲು ಹಾಡ್ತಾ ಇಲ್ಲ."

ಒಂದು ಕಲ್ಲು ಎಸೆದು ನೋಡಿದೆ. ಪುಸಕ್ಕನೆ ಒಳಗೆ ಹೋಯಿತು. ಮೇಲೆ ಬೆಳ್ಳಗೆ ಕಾಣುತ್ತಿದ್ದ ಮಂಜುಗಡ್ಡೆ ಕಲ್ಲು ಬಿದ್ದ ಕಡೆ ಕಪ್ಪಾಗಿ ನೀರು ಕಾರಿತು.

ಹಾಲು ಕರೆಯಲು ಮೇಕೆಗಳನ್ನು ಕಟ್ಟುವಾಗ ಅತ್ತೆಗೆ ಹೇಳಿದೆ. "ಅಮಾ, ಮಂಜುಗಡ್ಡೆ ಹಣ್ಣಾಗಿಬಿಟ್ಟಿದೆ."

"ಆಗ್ಲಿ ಬಿಡು. ಮೇಕೆಗಳೇನು ಅದರ ಮೇಲೆ ಮೆರವಣಿಗೆ ಹೊರಡ್ತಾವಾ?" ಎಂದರು, ಕುಣಿಕೆ ಹಾಕುವುದನ್ನು ನಿಲ್ಲಿಸದೆ.

ಅರ್ಧ ಸಾಲು ಕರೆದಿದ್ದೆ. ಲುಂಡುಪ್ ಯಾಕ್‌ಗಳನ್ನು ಹೊಡೆದುಕೊಂಡು ಕಣಿವೆಯ ಆಚೆ ಹೋಗಿದ್ದ. ಬೆನ್ನ ಹಿಂದಿನ ಬೆಟ್ಟ ಇದ್ದಕ್ಕಿದ್ದಂತೆ ಮೋಡದೊಳಗೆ ಮಾಯವಾಯಿತು. ಮೊದಲು ಗಾಳಿ ಬಂತು, ಅದರ ಹಿಂದೆಯೇ ಆಲಿಕಲ್ಲು. ಕೈಯಲ್ಲಿದ್ದ ಹಾಲಿನ ಪಾತ್ರೆ ತಮಟೆಯ ಹಾಗೆ ಬಡಿದುಕೊಂಡಿತು. ಮೇಕೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ಜಗ್ಗಿದವು.

"ನಿಲ್ಜಾನ ಒಳಗೆ ಎಳ್ಕೊಳ್ಳಿ ಮಾವಾ!" ಎಂದು ಕೂಗಿದೆ. ಮಾವ ಅವಳನ್ನು ಕಂಬಳಿಯ ಸಮೇತ ಸಣ್ಣ ಡೇರೆಯೊಳಕ್ಕೆ ಎಳೆದುಕೊಂಡದ್ದು ಕಂಡಿತು.

ಅತ್ತೆ ಎದ್ದು ನಿಂತು ತುದಿಯನ್ನು ಕೈಗೆ ಸುತ್ತಿಕೊಂಡಿದ್ದರು. ಆಲಿಕಲ್ಲು ಬಂದರೆ ಹಗ್ಗ ಎಳೆಯಬೇಕು. ಕಟ್ಟಿಹಾಕಿದ ಮೇಕೆಗಳು ಬೆದರಿ ಜಗ್ಗಿ ಕತ್ತು ಬಿಗಿದುಕೊಂಡು ಸಾಯುತ್ತವೆ. ಬಿಟ್ಟರೆ ಗಾಳಿಗೆ ಬೆನ್ನು ಕೊಟ್ಟು ಓಡಿ ಬೆಟ್ಟದ ಬುಡ ಸೇರಿಕೊಳ್ಳುತ್ತವೆ. ಅವರ ಅತ್ತೆ ಹಾಗೇ ಎಳೆದಿದ್ದರು, ಅವರೂ ಎಷ್ಟೋ ಸಲ ಎಳೆದಿದ್ದರು.

ಆದರೆ ಅದೆಲ್ಲ ಮೂಡಣ ದಡದಲ್ಲಿ. ಅಲ್ಲಿ ಗಾಳಿ ಸರೋವರದಿಂದ ಬೆಟ್ಟದ ಕಡೆ ಬೀಸುತ್ತದೆ. ಇಲ್ಲಿ ಬೆಟ್ಟದಿಂದ ಸರೋವರದ ಕಡೆಗೆ.

ಪಾತ್ರೆ ಎಸೆದು ಓಡಿಹೋಗಿ ಅವರ ಕೈಯ ಮುಂದೆ ಹಗ್ಗದ ಮೇಲೆ ಕೂತುಬಿಟ್ಟೆ.

"ಏಳೇ! ಹುಚ್ಚಿ! ಸಾಯಿಸ್ತೀಯಾ ಅವನ್ನ?"

"ಬಿಡಲ್ಲ ಅಮಾ! ಗಾಳಿ ಯಾವ ಕಡೆ ಹೋಗ್ತಿದೆ ನೋಡಿ!"

"ನಂಗೆ ಗಾಳಿ ತೋರಿಸ್ತೀಯಾ ನೀನು? ಏಳು ಅಂದ್ನಲ್ಲ!"

"ಬೇಕಾದ್ರೆ ಹೊಡೀರಿ. ನಾನು ಏಳಲ್ಲ."

ಹೊಡೆದೇಬಿಟ್ಟರು, ಬೆನ್ನ ಮೇಲೊಂದು. ದಪ್ಪ ಉಣ್ಣೆಯ ನಿಲುವಂಗಿ, ತಾಗಿದ್ದೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವರ ಮುದ್ದಿನ ಹೋತ, ಕತ್ತಿಗೆ ಗಂಟೆ ಕಟ್ಟಿದ್ದು, ಯಾವತ್ತೂ ಹಗ್ಗಕ್ಕೆ ಬೀಳದೆ ಸುತ್ತಮುತ್ತ ಮೇಯುತ್ತಿದ್ದದ್ದು, ನಮ್ಮ ಪಕ್ಕದಲ್ಲೇ ಹಾದು ಓಡಿತು. ಗಂಟೆಯ ಸದ್ದು ಗಾಳಿ ಹೋದ ಕಡೆಗೇ, ಸರೋವರದ ಕಡೆಗೇ ಹೋಯಿತು. ಇಬ್ಬರೂ ಕಿವಿಗೊಟ್ಟೆವು. ಆಮೇಲೆ ಏನೋ ಒಡೆದ ಸದ್ದು. ಗಂಟೆ ನಿಂತಿತು.

ಅತ್ತೆ ಕೈ ಸಡಿಲಿಸಿದರು. ಅವರ ಮುಖ ನೋಡಲು ನನಗೆ ಸಮಯವಿರಲಿಲ್ಲ. "ನೀವು ಆ ಸಾಲು, ನಾನು ಈ ಸಾಲು. ಕುಣಿಕೆ ಬಿಗಿದ ಕಡೆ ಬೆರಳು ತೂರಿಸಿ ಸಡಿಲ ಮಾಡಿ!" ಎಂದೆ. ಏಳು ವರ್ಷದಲ್ಲಿ ಮೊದಲ ಸಲ ನಾನು ಹೇಳಿದೆ, ಅವರು ಮಾಡಿದರು. ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ಮಂಡಿಯೂರಿ ಒಂದೊಂದೇ ಕತ್ತು ತಡವುತ್ತ ಹೋದೆ. ಮೇಕೆಗಳ ಬಿಸಿಯುಸಿರು ಮುಖಕ್ಕೆ ಬಡಿಯುತ್ತಿತ್ತು. ಒಂದರ ಕೊಂಬು ಇನ್ನೊಂದರದಕ್ಕೆ ಸಿಕ್ಕಿ ಬುಡದಲ್ಲೇ ಮುರಿಯಿತು. ಒಂದು ಕುಸಿದು ಬಿತ್ತು, ತಲೆ ಎತ್ತಿ ಹಿಡಿದುಕೊಂಡೆ. ನಿಧಾನವಾಗಿ ಅವು ಜಗ್ಗುವುದನ್ನು ಬಿಟ್ಟು, ಬೆನ್ನು ಆಲಿಕಲ್ಲಿಗೆ ಕೊಟ್ಟು, ತಲೆಗಳನ್ನು ನಡುವೆ ತೂರಿಸಿ ನಿಂತವು.

ಬಂದಷ್ಟೇ ಬೇಗ ಮೋಡ ಸರೋವರ ದಾಟಿತು. ನೆಲವೆಲ್ಲ ಬಿಳಿ. ಹೋತ ದಡದಿಂದ ನಾಲ್ಕಾರು ಮಾರು ದೂರದಲ್ಲಿ, ಮುಂಗಾಲುಗಳನ್ನು ಮಂಜುಗಡ್ಡೆಯ ಅಂಚಿಗೆ ಊರಿ, ಹೊಟ್ಟೆಯವರೆಗೆ ನೀರಲ್ಲಿತ್ತು. ಅರಚುತ್ತಲೇ ಇತ್ತು.

"ಈಗ ಎಳಿ," ಎಂದರು ಅತ್ತೆ.

ತುದಿ ನನ್ನ ಸೊಂಟದಲ್ಲಿತ್ತು. ಬಿಚ್ಚಿ ಎಳೆದೆ. ಕುಣಿಕೆಗಳು ಸಾಲಾಗಿ ಜಾರಿದವು. ಗಾಳಿ ನಿಂತಿತ್ತು, ಮೇಕೆಗಳು ಮೈ ಕೊಡವಿ ಮರಿಗಳ ದೊಡ್ಡಿಯತ್ತ ನಡೆದವು. ಬಿಚ್ಚಿಕೊಂಡ ಹಗ್ಗ ಹಿಡಿದು ದಡಕ್ಕೆ ಓಡಿ, ಎರಡನೇ ಎಸೆತಕ್ಕೆ ಹೋತದ ಕೊಂಬಿಗೆ ಕುಣಿಕೆ ಸಿಕ್ಕಿಸಿದೆ. ನಾನು ಮುಂದೆ, ಅತ್ತೆ ಹಿಂದೆ, ಅವರ ಹಿಂದೆ ಮಾವ. ನಿಲ್ಜಾ ಮಾವನ ಅಂಗಿ ಹಿಡಿದು ಜಗ್ಗುತ್ತಿದ್ದಳು. ಮೂರು ಕಡೆ ಮಂಜುಗಡ್ಡೆ ಮುರಿಯುತ್ತ ಹೋತ ದಡಕ್ಕೆ ಬಂತು, ಅತ್ತೆಯ ಮೇಲೆಲ್ಲ ನೀರು ಕೊಡವಿತು.

"ಇಡೀ ಹಿಂಡು ಹೀಗೆ ಹೋಗಿದ್ರೆ ಎಷ್ಟು ಹಗ್ಗ ಬೇಕಾಗ್ತಿತ್ತು?" ಎಂದರು ಮಾವ, ಯಾರನ್ನೂ ನೋಡದೆ.

"ನೀವು ಬಾಯಿ ಮುಚ್ಚಿ," ಎಂದರು ಅತ್ತೆ. ಅವರು ಕಲ್ಲೊಂದನ್ನು ಎತ್ತಿ ಸರೋವರಕ್ಕೆ ಎಸೆದರು. ಪುಸಕ್ಕೆಂದಿತು. ಇನ್ನೊಂದು ಎಸೆದರು.

ಸಂಜೆ ಲುಂಡುಪ್ ಬರುವ ಹೊತ್ತಿಗೆ ಅತ್ತೆ ತಮ್ಮ ಹಾಸಿಗೆ ಸುತ್ತುತ್ತಿದ್ದರು. ಅವನು ನನ್ನ ಮುಖ ನೋಡಿದ. ನಾನು ಚಹಾಕ್ಕೆ ಬೆಣ್ಣೆ ಕಡೆಯುತ್ತಿದ್ದೆ, ನಿಲ್ಲಿಸಲಿಲ್ಲ.

"ಕೊಂಬು ಮುರಿದದ್ದು ಒಳ್ಳೆ ಹಾಲಿನ ಮೇಕೆ," ಎಂದರು ಅತ್ತೆ ನನಗೆ. "ಒತ್ತೊತ್ತಾಗಿ ನಿಲ್ಲಿಸಿದ್ರೆ ತಲೆ ಆಡಿಸೋಕೆ ಜಾಗ ಇರಲ್ಲ, ಕೊಂಬು ಸಿಕ್ಕಿಕೊಳ್ಳಲ್ಲ. ನಾಳೆ ನೋಡ್ಕೊಂಡು ಕಟ್ಟು."

"ಕಟ್ಟಿದ್ದು ನೀವು ಅಮಾ."

"ನಾಳೆಯಿಂದ ನೀನಲ್ವಾ? ಅದಕ್ಕೇ ಹೇಳ್ದೆ."

ಹಾಸಿಗೆ ಹೆಗಲಿಗೇರಿಸಿ ಹೋದರು. ಸ್ವಲ್ಪ ಹೊತ್ತಿಗೆ ಸಣ್ಣ ಡೇರೆಯಿಂದ ಕೇಳಿಸಿತು: "ಸರೀರಿ ಆ ಕಡೆ, ಕಂಬಕ್ಕೆ ಅಂಟಿಕೊಂಡು ಮಲಗಿ." ಲುಂಡುಪ್ ಬಟ್ಟಲು ಕೆಳಗಿಟ್ಟು ನಕ್ಕ.

ಹಗ್ಗ ಒಲೆಯ ಪಕ್ಕದಲ್ಲಿ ಒದ್ದೆಯಾಗಿ ಬಿದ್ದಿತ್ತು. ಒಣಗದಿದ್ದರೆ ಬೆಳಗ್ಗೆ ಕುಣಿಕೆ ಜಾರುವುದಿಲ್ಲ. ನಿಲ್ಜಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದನ್ನು ಒಂದು ತುದಿಯಿಂದ ಬಿಡಿಸಿ ಬೆಂಕಿಗೆ ಹಿಡಿಯುತ್ತ ಕೂತೆ.